ಅಪ್ಪ ಅಮ್ಮ ಇಲ್ಲದ ಸ್ವರ್ಗ

1552ರ ಜನವರಿ 29ರಂದು ಫ್ರಾನ್ಸಿಸ್ ಕ್ಸೇವಿಯರ್ ಕೊಚ್ಚಿಯಲ್ಲಿ ಕೂತು ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂನ್ಯಾಸಿ ಸಂಘದ ತಮ್ಮ ಯುರೋಪಿನ ಸಂಗಾತಿಗಳಿಗೆ ಉದ್ದನೆಯ ಕಾಗದವೊಂದನ್ನು ಬರೆದರು. ಆಗಷ್ಟೇ ಜಪಾನಿನಿಂದ ಮರಳಿದ್ದರು. 1549ರ ಆಗಸ್ಟ್ 15ರಂದು ಕಾಗೋಶಿಮಾದಲ್ಲಿ ಹಡಗಿನಿಂದ ಇಳಿದದ್ದು, ಯಮಾಗುಚಿಯ ಬೀದಿಗಳಲ್ಲಿ ಬೋಧಿಸಿದ್ದು, ಬೌದ್ಧ ಭಿಕ್ಷುಗಳ ಜೊತೆ ವಾದಕ್ಕೆ ಕೂತದ್ದು ಎಲ್ಲವೂ ಆ ಕಾಗದದಲ್ಲಿದೆ. ಆದರೆ ಓದುವವರು ಇವತ್ತಿಗೂ ತಡೆದು ನಿಲ್ಲುವುದು ಅದರ ಕೊನೆಯ ಕಡೆ ಬರುವ ಒಂದು ಸಣ್ಣ ಭಾಗದಲ್ಲಿ. ಹೊಸದಾಗಿ ಕ್ರೈಸ್ತರಾದ ಜಪಾನೀಯರು ಬಿಡದೆ ಕೇಳುತ್ತಿದ್ದ ಪ್ರಶ್ನೆ ಅಲ್ಲಿದೆ. ನಾವೇನೋ ಜ್ಞಾನಸ್ನಾನ ಪಡೆದೆವು, ನಮಗೆ ಸ್ವರ್ಗವಿದೆ ಅಂತೀರಿ. ನಿಮ್ಮ ದೇವರ ಹೆಸರನ್ನೇ ಕೇಳದೆ ಸತ್ತುಹೋದ ನಮ್ಮ ಅಪ್ಪ ಅಮ್ಮಂದಿರ ಗತಿ ಏನು? ನಮ್ಮ ಮಕ್ಕಳ ಗತಿ ಏನು? ಪ್ರಾರ್ಥನೆ ಮಾಡಿ, ದಾನಧರ್ಮ ಮಾಡಿ ಅವರನ್ನು ಬಿಡಿಸಿಕೊಂಡು ಬರಬಹುದೇ?

ಆಗದು ಎಂದರು ಕ್ಸೇವಿಯರ್. ಅವರು ಕಲಿತದ್ದೇ ಹಾಗೆ. ನರಕಕ್ಕೆ ಬಿದ್ದವರಿಗೆ ಬಿಡುಗಡೆಯಿಲ್ಲ, ಬದುಕಿರುವವರ ಪ್ರಾರ್ಥನೆ ಅಲ್ಲಿಗೆ ಮುಟ್ಟುವುದಿಲ್ಲ. ಇದನ್ನು ಕೇಳಿ ಜನ ಅತ್ತರು. ನಿಮ್ಮ ದೇವರು ಅಷ್ಟು ದೊಡ್ಡವನಾದರೆ ನಮ್ಮ ತಂದೆಯರನ್ನು ಏಕೆ ಹೊರಗೆ ತರಲಾರ ಎಂದು ಕೇಳಿದರು. ಈ ದುಃಖದಿಂದಾದರೂ ಅವರು ತಮ್ಮ ಆತ್ಮದ ಬಗ್ಗೆ ಎಚ್ಚರವಾಗಿರಲಿ ಎಂದು ಕ್ಸೇವಿಯರ್ ಸಮಾಧಾನ ಮಾಡಿಕೊಳ್ಳುತ್ತಾರೆ. ಹಿಂದೆಯೇ ಇನ್ನೊಂದು ಮಾತನ್ನೂ ಒಪ್ಪಿಕೊಳ್ಳುತ್ತಾರೆ: ಇಷ್ಟು ಪ್ರೀತಿಯ ಜನ ಹೀಗೆ ಸಂಕಟಪಡುವುದನ್ನು ಕಂಡು ಒಮ್ಮೊಮ್ಮೆ ತಮಗೂ ಕಣ್ಣೀರು ತಡೆಯುವುದು ಕಷ್ಟವಾಯಿತು.

ಹಳೆ ಗೋವಾದ ಬೊಮ್ ಜೀಸಸ್ ಇಗರ್ಜಿಯಲ್ಲಿ ಅದೇ ಕ್ಸೇವಿಯರ್ ಅವರ ದೇಹವಿದೆ. ಹತ್ತು ವರ್ಷಕ್ಕೊಮ್ಮೆ ಅದನ್ನು ಕೆಳಗಿಳಿಸಿ ದರ್ಶನಕ್ಕಿಡುತ್ತಾರೆ, ಹಿಂದಿನ ಸಲ ಇಟ್ಟದ್ದು 2024ರ ನವೆಂಬರಿನಲ್ಲಿ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಕೊಂಕಣಿ ಕ್ಯಾಥೊಲಿಕರಿಗೆ ಅವರು ‘ಗೊಂಯ್ಚೊ ಸಾಯ್ಬ್’. ಸಾಲಿನಲ್ಲಿ ನಿಂತು ಆ ಬೆಳ್ಳಿಯ ಪೆಟ್ಟಿಗೆಗೆ ಕೈಮುಗಿಯುವವರಲ್ಲಿ ಎಷ್ಟು ಜನಕ್ಕೆ ಯಮಾಗುಚಿಯ ಆ ಕಣ್ಣೀರಿನ ಕತೆ ಗೊತ್ತಿದೆಯೋ. ನಮ್ಮ ಧರ್ಮೋಪದೇಶದ ತರಗತಿಯಲ್ಲಂತೂ ಹೇಳಿರಲಿಲ್ಲ.

ಪ್ರಶ್ನೆ ಜಪಾನೀಯರದು ಮಾತ್ರವಲ್ಲ. ಉತ್ತರ ಯುರೋಪಿನ ಫ್ರಿಸಿಯಾದ ಅರಸ ರಾಡ್‌ಬೋಡನದು ಒಂದು ಐತಿಹ್ಯವಿದೆ. ಆತ ಸತ್ತದ್ದು 719ರಲ್ಲಿ. ಜ್ಞಾನಸ್ನಾನದ ನೀರಿಗೆ ಒಂದು ಕಾಲಿಟ್ಟವನು ಪಾದ್ರಿಯನ್ನು ಕೇಳಿದನಂತೆ, ನನ್ನ ಹಿರೀಕರು ಎಲ್ಲಿದ್ದಾರೆ ಎಂದು. ನರಕದಲ್ಲಿ ಎಂಬ ಉತ್ತರ ಬಂದಾಗ ಇಟ್ಟ ಕಾಲನ್ನು ಹಿಂದೆ ತೆಗೆದುಕೊಂಡನಂತೆ. ಮಹಾಭಾರತ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ವರ್ಗಕ್ಕೆ ಹೋದ ಧರ್ಮರಾಯ ಅಲ್ಲಿ ದುರ್ಯೋಧನನನ್ನು ಕಾಣುತ್ತಾನೆ, ತಮ್ಮಂದಿರನ್ನು ಕಾಣುವುದಿಲ್ಲ. ನಾರುವ ಕತ್ತಲ ದಾರಿಯಲ್ಲಿ ಅವರ ದನಿ ಕೇಳಿಸಿದಾಗ, ಇವರಿರುವ ಕಡೆಯೇ ನನಗೆ ಸ್ವರ್ಗ ಎಂದು ಅಲ್ಲೇ ನಿಂತುಬಿಡುತ್ತಾನೆ. ಧರ್ಮರಾಯನಿಗೆ ಅದೊಂದು ಪರೀಕ್ಷೆಯಾಗಿತ್ತು, ಬೇಗ ಮುಗಿಯಿತು. ಕ್ಯಾಥೊಲಿಕ್ ಪಂಡಿತರು ಈ ಪ್ರಶ್ನೆಯ ಜೊತೆ ಸುಮಾರು ಎರಡು ಸಾವಿರ ವರ್ಷ ಹೆಣಗಿದ್ದಾರೆ. ಆ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಅನ್ನಿಸಿದ್ದು, ಪಂಡಿತರು ಬಾಗಿಲು ಮುಚ್ಚಿದಾಗಲೆಲ್ಲ ಸಾವಿನ ಮನೆಯವರು ಗೋಡೆಯಲ್ಲಿ ಒಂದು ಕಿಂಡಿ ಕೊರೆದಿದ್ದಾರೆ.

ಮೊದಲ ವಿಚಿತ್ರ ಶುಭಸಂದೇಶದಲ್ಲೇ ಇದೆ. ಲೂಕನ ಹದಿನಾರನೆಯ ಅಧ್ಯಾಯದಲ್ಲಿ ಬರುವ ಸಿರಿವಂತ ಮತ್ತು ಬಡ ಲಾಜರನ ಕತೆ ಎಲ್ಲರಿಗೂ ಗೊತ್ತು. ಸತ್ತ ಮೇಲೆ ಲಾಜರ ಅಬ್ರಹಾಮನ ಮಡಿಲಲ್ಲಿ, ಸಿರಿವಂತ ಉರಿಯಲ್ಲಿ. ನಡುವೆ ದಾಟಲಾಗದ ಕಂದರ. ಕತೆಯಲ್ಲಿ ಮನೆಯವರ ಬಗ್ಗೆ ಚಿಂತಿಸುವವನು ಒಬ್ಬನೇ, ಅವನು ನರಕದಲ್ಲಿರುವವನು. ನನಗೆ ಐದು ಜನ ತಮ್ಮಂದಿರಿದ್ದಾರೆ, ಅವರಾದರೂ ಇಲ್ಲಿಗೆ ಬಾರದಂತೆ ಲಾಜರನನ್ನು ಕಳಿಸಿ ಎಂದು ಅವನು ಬೇಡುತ್ತಾನೆ. ಮೇಲೆ ಇರುವ ಅಬ್ರಹಾಮ ನಿರುದ್ವಿಗ್ನ. ಮುಂದಿನ ಶತಮಾನಗಳ ಜಗಳವೆಲ್ಲ ಈ ಒಂದು ಚಿತ್ರದಲ್ಲಿ ಮಡಚಿಟ್ಟಂತಿದೆ.

ಮಡಿಕೆ ಬಿಚ್ಚಿದ್ದು ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿ, ಅಂದರೆ ಇಂದಿನ ಟುನೀಶಿಯಾದಲ್ಲಿ. ಸುಮಾರು ಕ್ರಿ.ಶ. 200ರ ಹೊತ್ತಿಗೆ ಅಲ್ಲಿ ಟೆರ್ಟುಲಿಯನ್ ಎಂಬ ಖಡಕ್ ಬರಹಗಾರನಿದ್ದ. ರಂಗಸ್ಥಳದ ಕ್ರೂರ ಆಟಗಳನ್ನು ನೋಡಲು ಹೋಗಬೇಡಿ ಎಂದು ಕ್ರೈಸ್ತರಿಗೆ ಬುದ್ಧಿ ಹೇಳುತ್ತ, ಇದಕ್ಕಿಂತ ದೊಡ್ಡ ಆಟವೊಂದು ಕಾದಿದೆ ಎನ್ನುತ್ತಾನೆ: ಕಡೆಯ ತೀರ್ಪಿನ ದಿನ ಅರಸರು, ತತ್ವಜ್ಞಾನಿಗಳು, ನಟರು, ರಥಿಕರು ಬೆಂಕಿಯಲ್ಲಿ ಬೇಯುವುದನ್ನು ಕಂಡು ತಾನು ನಗುತ್ತೇನೆ ಎಂದು ಹಿಗ್ಗುತ್ತಾನೆ. ಕಿರುಕುಳ ಉಂಡವರ ಸಿಟ್ಟು ಅದು, ಅರ್ಥವಾಗುತ್ತದೆ. ಆದರೆ ಆ ಬೆಂಕಿಯಲ್ಲಿ ಅವನು ತನ್ನ ಸ್ವಂತ ಬಂಧುಗಳನ್ನು ಯಾರನ್ನೂ ನಿಲ್ಲಿಸಲಿಲ್ಲ ಎಂಬುದನ್ನೂ ಗಮನಿಸಬೇಕು.

ಅದೇ ಊರಿನಲ್ಲಿ 203ರ ಮಾರ್ಚಿನಲ್ಲಿ ಪೆರ್ಪೆತುವಾ ಎಂಬ ಇಪ್ಪತ್ತೆರಡರ ಬಾಣಂತಿಯನ್ನು ಕ್ರೈಸ್ತಳೆಂಬ ಕಾರಣಕ್ಕೆ ಮೃಗಗಳ ಮುಂದೆ ದೂಡಿ ಕೊಂದರು. ಸೆರೆಮನೆಯಲ್ಲಿ ಆಕೆ ಬರೆದಳೆನ್ನಲಾದ ದಿನಚರಿ ಉಳಿದಿದೆ. ಒಂದು ದಿನ ಪ್ರಾರ್ಥನೆಯ ನಡುವೆ ಅವಳ ಬಾಯಲ್ಲಿ ತಟ್ಟನೆ ದಿನೋಕ್ರಾತೆಸ್ ಎಂಬ ಹೆಸರು ಬಂತು. ಮುಖದ ಹುಣ್ಣಿನಿಂದ ನರಳಿ ಏಳನೆಯ ವಯಸ್ಸಿಗೇ ಸತ್ತ ತಮ್ಮ. ಆ ರಾತ್ರಿ ಕನಸಿನಲ್ಲಿ ಕಂಡ. ಕತ್ತಲ ಜಾಗ, ಮೈಯೆಲ್ಲ ಕೊಳೆ, ಮುಖದಲ್ಲಿ ಅದೇ ಹುಣ್ಣು. ಪಕ್ಕದಲ್ಲೇ ತುಂಬಿದ ನೀರಿನ ತೊಟ್ಟಿ ಇದೆ, ಆದರೆ ಅದರ ಅಂಚು ಹುಡುಗನಿಗೆ ಎಟುಕದಷ್ಟು ಎತ್ತರ. ತುದಿಗಾಲಲ್ಲಿ ನಿಂತು ಕೈ ಚಾಚುತ್ತಾನೆ, ಸಿಗದು. ಅಕ್ಕ ಹಗಲೂ ರಾತ್ರಿ ಅತ್ತು ಪ್ರಾರ್ಥಿಸಿದಳು. ಕೆಲವು ದಿನಗಳ ಮೇಲೆ ಮತ್ತೆ ಕಂಡ. ತೊಟ್ಟಿಯ ಅಂಚು ಅವನ ಹೊಕ್ಕುಳಿನ ಮಟ್ಟಕ್ಕೆ ಇಳಿದಿತ್ತು, ಹುಣ್ಣಿದ್ದ ಕಡೆ ಬರೀ ಕಲೆ. ಹೊಟ್ಟೆ ತುಂಬ ನೀರು ಕುಡಿದು, ಮಕ್ಕಳು ಹೋಗುವ ಹಾಗೆ ಆಡಲು ಓಡಿದ.

ಹುಡುಗನಿಗೆ ಜ್ಞಾನಸ್ನಾನವಾಗಿತ್ತೇ ಎಂಬ ಮಾತನ್ನು ಅಕ್ಕ ಎತ್ತುವುದೇ ಇಲ್ಲ. ಎರಡು ಶತಮಾನಗಳ ಮೇಲೆ ಉತ್ತರ ಆಫ್ರಿಕಾದವರೇ ಆದ ಧರ್ಮಾಧ್ಯಕ್ಷ, ದೈವಶಾಸ್ತ್ರಜ್ಞ ಸಂತ ಅಗಸ್ಟೀನರು ಅದನ್ನು ಎತ್ತಿದರು. ಆಗಿದ್ದಿರಲೇಬೇಕು, ಇಲ್ಲದಿದ್ದರೆ ಅವನಿಗೆ ನೀರು ಸಿಗುತ್ತಿರಲಿಲ್ಲ ಎಂದು ವಾದಿಸಿದರು. ಅಕ್ಕನ ಕರುಳು ಕೇಳದ ಕಾಗದಪತ್ರವನ್ನು ಪಂಡಿತರು ಕೇಳಿದರು.

ಕಾರ್ಥೇಜಿನದೇ ಮೂರನೆಯ ದನಿ ಧರ್ಮಾಧ್ಯಕ್ಷ ಸಿಪ್ರಿಯನ್ನರದು. 250ರ ದಶಕದಲ್ಲಿ ಮಹಾಮಾರಿ ಊರನ್ನು ಗುಡಿಸಿಹಾಕುತ್ತಿದ್ದಾಗ ಅವರು ಹೇಳಿದ್ದು, ಅಲ್ಲಿ ನಮ್ಮ ತಂದೆತಾಯಿಗಳು, ಅಣ್ಣತಮ್ಮಂದಿರು, ಮಕ್ಕಳು ಗುಂಪಾಗಿ ನಮಗಾಗಿ ಕಾಯುತ್ತಿದ್ದಾರೆ, ತಮ್ಮ ಬಗ್ಗೆ ಅವರಿಗೆ ನಿಶ್ಚಿಂತೆ, ನಮ್ಮ ಬಗ್ಗೆ ಇನ್ನೂ ಚಿಂತೆ. ಸ್ವರ್ಗದಲ್ಲಿರುವವರಿಗೂ ಚಿಂತೆ ಉಂಟು ಎಂಬ ಈ ಮಾತು ಆಮೇಲೆ ಬಹುಕಾಲ ಮರೆಗೆ ಸರಿಯಿತು.

ಅದನ್ನು ಸರಿಸಿದವರಲ್ಲಿ ದೊಡ್ಡವರು ಅಗಸ್ಟೀನರೇ. ಹಾಗೆಂದು ಅವರನ್ನು ಕಲ್ಲೆದೆಯವರು ಅನ್ನಲಾಗದು. 387ರಲ್ಲಿ ರೋಮಿನ ಬಂದರು ಓಸ್ತಿಯಾದಲ್ಲಿ ಅವರ ತಾಯಿ ಮೋನಿಕಾ ಜ್ವರ ಬಂದು ಮಲಗಿದರು. ಆಫ್ರಿಕಾದ ತಮ್ಮೂರಿನಲ್ಲಿ ಗಂಡನ ಮಗ್ಗುಲಲ್ಲೇ ಸಮಾಧಿಯ ಜಾಗ ಮಾಡಿಟ್ಟುಕೊಂಡಿದ್ದ ಹೆಂಗಸು, ಕೊನೆಗೆ ಮಕ್ಕಳಿಗೆ ಹೇಳಿದ್ದು ಬೇರೆ: ಈ ದೇಹವನ್ನು ಎಲ್ಲಿ ಬೇಕಾದರೂ ಹೂಳಿ, ನೀವು ಎಲ್ಲಿದ್ದರೂ ಪ್ರಭುವಿನ ಪೀಠದ ಮುಂದೆ ನನ್ನನ್ನು ನೆನೆಯಿರಿ, ಅಷ್ಟು ಸಾಕು. ಮಗ ಮೊದಲು ಕಣ್ಣೀರು ನುಂಗಿಕೊಂಡರು, ಆಮೇಲೆ ಒಂಟಿಯಾಗಿದ್ದಾಗ ಹರಿಯಬಿಟ್ಟರು. ಸತ್ತವರನ್ನು ಬಲಿಪೂಜೆಯಲ್ಲಿ ನೆನೆಯುವ ಪದ್ಧತಿಗೆ ಕ್ಯಾಥೊಲಿಕರು ಇವತ್ತಿಗೂ ಮೋನಿಕಾರ ಈ ಮಾತನ್ನು ಎತ್ತಿ ಹೇಳುತ್ತಾರೆ.

ಅದೇ ಮಗ 413ರಿಂದ 426ರವರೆಗೆ ಬರೆದ ‘ದೇವನಗರಿ’ಯಲ್ಲಿ ಬೇರೆಯೇ ದನಿ ಕೇಳುತ್ತದೆ. ಸಂತರು ಬೇಡಿಕೊಂಡರೆ ಕಡೆಯ ದಿನ ಎಲ್ಲರಿಗೂ ಬಿಡುಗಡೆಯಾದೀತು ಎಂದು ನಂಬಿದ್ದ ಕ್ರೈಸ್ತರು ಆಗ ಬೇಕಾದಷ್ಟಿದ್ದರು. ಅವರನ್ನು ‘ನಮ್ಮ ದಯಾಳುಗಳು’ ಎಂದು ಚುಚ್ಚಿ ಕರೆದು, ಒಂದೊಂದೇ ವಾದವನ್ನು ಬಿಚ್ಚಿ ಅಗಸ್ಟೀನರು ತಳ್ಳಿಹಾಕುತ್ತಾರೆ. ಸ್ವರ್ಗದವರಿಗೆ ನರಕದವರ ಸಂಕಟ ತಿಳಿದಿರುತ್ತದೆ, ಆದರೆ ವೈದ್ಯನಿಗೆ ರೋಗ ತಿಳಿದಿರುವ ಹಾಗೆ, ರೋಗಿಗೆ ತಿಳಿದಿರುವ ಹಾಗಲ್ಲ ಎಂಬ ಧಾಟಿಯ ಉತ್ತರ ಅಲ್ಲಿಂದ ಬಂದದ್ದು. ಈ ವೈದ್ಯನ ಹೋಲಿಕೆ ಚೆನ್ನಾಗಿದೆ. ಮಂಚದಲ್ಲಿ ಮಲಗಿರುವ ರೋಗಿ ಆ ವೈದ್ಯನ ಹೆತ್ತ ಮಗನೇ ಆಗಿದ್ದರೆ ಅನ್ನುವಲ್ಲಿ ಅದು ಕುಂಟುತ್ತದೆ.

ಮಧ್ಯಯುಗದ ವಿದ್ಯಾಪೀಠಗಳಲ್ಲಿ ಈ ವಾದಕ್ಕೆ ಪೂರ್ತಿ ಎರಕ ಹೊಯ್ದರು. ಥಾಮಸ್ ಅಕ್ವಿನಾಸರು 1274ರಲ್ಲಿ ತೀರಿಕೊಂಡಾಗ ಅವರ ಮಹಾಗ್ರಂಥ ಅರ್ಧಕ್ಕೇ ನಿಂತಿತ್ತು. ಶಿಷ್ಯರು ಅವರ ಹಳೆಯ ಬರಹಗಳಿಂದ ಆಯ್ದು ಕೊನೆಗೆ ಪುರವಣಿಯೊಂದನ್ನು ಸೇರಿಸಿದರು. ಅದರ 94ನೆಯ ಪ್ರಶ್ನೆ ನಮ್ಮ ಪ್ರಶ್ನೆಯೇ. ಸಂತರು ನರಕದವರನ್ನು ನೋಡುತ್ತಾರೆಯೇ? ನೋಡುತ್ತಾರೆ. ಕನಿಕರಪಡುತ್ತಾರೆಯೇ? ಇಲ್ಲ, ಏಕೆಂದರೆ ಕನಿಕರವೆಂದರೆ ಆ ಕಷ್ಟ ತೀರಲಿ ಎಂಬ ಇಚ್ಛೆ, ಇನ್ನು ತೀರಲಾರದ್ದನ್ನು ಇಚ್ಛಿಸುವುದೆಂದರೆ ದೇವರ ನ್ಯಾಯಕ್ಕೆ ಎದುರು ನಿಂತಂತೆ. ಸಂತೋಷಪಡುತ್ತಾರೆಯೇ? ಇನ್ನೊಬ್ಬರ ನೋವಿಗಾಗಿ ಅಲ್ಲ, ಅದರಲ್ಲಿ ಕಾಣುವ ದೈವನ್ಯಾಯಕ್ಕಾಗಿ ಮತ್ತು ತಾವು ಪಾರಾದದ್ದಕ್ಕಾಗಿ. ಕೂದಲು ಸೀಳುವ ಈ ವ್ಯತ್ಯಾಸ ಅಕ್ವಿನಾಸರಿಗೆ ಮುಖ್ಯವಾಗಿತ್ತು. 1887ರಲ್ಲಿ ಜರ್ಮನ್ ತತ್ವಜ್ಞಾನಿ ನೀಚೆ ಕ್ರೈಸ್ತಧರ್ಮವನ್ನು ಹಂಗಿಸಲು ಈ ಭಾಗವನ್ನೂ ಟೆರ್ಟುಲಿಯನ್ನನ ನಗುವನ್ನೂ ಒಟ್ಟಿಗೆ ಎತ್ತಿ ತೋರಿಸಿದಾಗ ಕೂದಲು ಸೀಳುವ ತಾಳ್ಮೆ ತೋರಲಿಲ್ಲ.

ಅಕ್ವಿನಾಸರು ಇನ್ನೊಂದು ಕಡೆ ಕೇಳುತ್ತಾರೆ, ಪರಮಸುಖಕ್ಕೆ ಸ್ನೇಹಿತರು ಬೇಕೇ? ದೇವರನ್ನು ಸವಿಯುವ ಆತ್ಮ ಒಂದೇ ಒಂದಿದ್ದರೂ, ಪಕ್ಕದಲ್ಲಿ ಪ್ರೀತಿಸಲು ಇನ್ನೊಬ್ಬರಿಲ್ಲದಿದ್ದರೂ, ಅದು ಸುಖಿಯೇ ಎಂಬುದು ಅವರ ಉತ್ತರ. ಸ್ನೇಹಿತರಿದ್ದರೆ ಸುಖ ಇನ್ನಷ್ಟು ಕಳೆಗಟ್ಟುತ್ತದೆ, ಅಷ್ಟೆ. ತರ್ಕದಲ್ಲಿ ದೋಷವಿಲ್ಲ. ದೇವರೊಬ್ಬನೇ ಸಾಲದು ಎಂದರೆ ಆತ ದೇವರು ಹೇಗಾದಾನು? ಆದರೂ ಮಗುವನ್ನು ಮಣ್ಣಿಗಿಟ್ಟು ಬಂದ ತಾಯಿಯ ಮುಂದೆ ಈ ವಾಕ್ಯ ಓದಿ ಹೇಳುವ ಧೈರ್ಯ ಯಾವ ಪಾದ್ರಿಗೂ ಇರಲಿಕ್ಕಿಲ್ಲ.

ಅಕ್ವಿನಾಸರಿಗಿಂತ ಒಂದು ಶತಮಾನಕ್ಕೂ ಹಿಂದೆ, 1138ರಲ್ಲಿ, ಫ್ರಾನ್ಸಿನ ಕ್ಲೇರ್ವೋ ಮಠದಲ್ಲಿ ನಡೆದದ್ದನ್ನು ಇಲ್ಲಿ ನೆನೆಯಬೇಕು. ಮಠಾಧಿಪತಿ ಬರ್ನಾರ್ಡರ ಅಣ್ಣ ಜೆರಾರ್ಡ್ ಅದೇ ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಅವರು ಸತ್ತರು. ಬರ್ನಾರ್ಡರು ಒಂದು ಹನಿ ಕಣ್ಣೀರಿಲ್ಲದೆ ಉತ್ತರಕ್ರಿಯೆ ಮುಗಿಸಿ, ಎಂದಿನಂತೆ ಬೈಬಲಿನ ಪರಮಗೀತೆಯ ಮೇಲೆ ಪ್ರವಚನಕ್ಕೆ ಕೂತರು. ಸ್ವಲ್ಪ ಹೊತ್ತು ಹೇಳಿದರು, ಮುಂದೆ ಆಗಲಿಲ್ಲ. ಪ್ರವಚನ ಅಲ್ಲಿಗೆ ಬಿಟ್ಟು ಸಂನ್ಯಾಸಿಗಳ ಎದುರೇ ಅಣ್ಣನಿಗಾಗಿ ಗೋಳಾಡಿದರು. ಆ ಅಳುವೇ ಅವರ ಇಪ್ಪತ್ತಾರನೆಯ ಪ್ರವಚನವೆಂದು ಉಳಿದುಬಂದಿದೆ. ಅದರ ನಡುವೆ ಅಣ್ಣನನ್ನೇ ಕೇಳುತ್ತಾರೆ: ಬೆಳಕಿನ ಕಡಲಿಗೆ ಇಳಿದವನಿಗೆ ಈಗ ನಮ್ಮ ನೆನಪಿದೆಯೇ? ಕೇಳಿ ತಾವೇ ಉತ್ತರ ಹುಡುಕಿಕೊಳ್ಳುತ್ತಾರೆ. ದೇವರು ಪ್ರೀತಿ, ದೇವರಿಗೆ ಹತ್ತಿರವಾದಷ್ಟೂ ಪ್ರೀತಿ ತುಂಬಬೇಕೇ ಹೊರತು ಬತ್ತಬಾರದು. ದೇವರಿಗೆ ನೋವಿಲ್ಲ ನಿಜ, ಹಾಗೆಂದು ಮರುಕವಿಲ್ಲ ಎಂದಲ್ಲ. ಮರುಕವೇ ಆತನ ಗುಣವಾದ ಮೇಲೆ ಆತನನ್ನು ಸೇರಿದ ಅಣ್ಣನಿಗೂ ಮರುಕ ಇರಲೇಬೇಕು.

ಈ ಇಡೀ ಚರಿತ್ರೆಯಲ್ಲಿ ನನಗೆ ತೀರ ಹತ್ತಿರವಾದ ಗಳಿಗೆ ಇದು. ಜೆರಾರ್ಡ್ ಸ್ವರ್ಗ ಸೇರಿದ್ದಾರೆಂಬ ಭರವಸೆ ಬರ್ನಾರ್ಡರಿಗೆ ಇತ್ತು, ನರಕದವರ ಮಾತು ಅಲ್ಲಿಲ್ಲ, ಒಪ್ಪಿದೆ. ಆದರೆ ಸ್ವರ್ಗದ ಸುಖವೆಂದರೆ ಮರೆವು ಅಲ್ಲ ಎಂಬ ಮಾತು ಅಲ್ಲಿ ಬಿತ್ತು. ಮುಂದೆ ಇಟಲಿಯ ಕವಿ ದಾಂತೆ ಸ್ವರ್ಗದ ಆತ್ಮಗಳಿಂದ ತಮ್ಮ ದೇಹಗಳ ಪುನರುತ್ಥಾನಕ್ಕೆ ಆಮೆನ್ ಅನ್ನಿಸುವಾಗ, ಬರೀ ತಮಗಾಗಿ ಅಲ್ಲ, ಬಹುಶಃ ಅಮ್ಮಂದಿರಿಗಾಗಿ, ಅಪ್ಪಂದಿರಿಗಾಗಿ, ಹಿಂದೆ ಪ್ರಿಯರಾಗಿದ್ದವರಿಗಾಗಿ ಎಂದು ಒಂದು ಸಾಲು ಸೇರಿಸುತ್ತಾನೆ.

ಕಿಂಡಿಗಳಲ್ಲೆಲ್ಲ ಅಗಲವಾದದ್ದು ಶುದ್ಧೀಕರಣ ಸ್ಥಳ, ಕೊಂಕಣಿ ಮನೆಗಳಲ್ಲಿ ಹೇಳುವ ಪುರ್ಗತೋರ್. ಸತ್ತವರೆಲ್ಲ ನೇರ ಸ್ವರ್ಗಕ್ಕೋ ನರಕಕ್ಕೋ ಅಲ್ಲ, ದೇವರ ಕೃಪೆಯಲ್ಲಿ ಸತ್ತರೂ ಕೊಳೆ ಉಳಿದವರು ನಡುವೆ ತೊಳೆಸಿಕೊಳ್ಳುತ್ತಾರೆ, ಅವರಿಗೆ ನಮ್ಮ ಪ್ರಾರ್ಥನೆ ಮುಟ್ಟುತ್ತದೆ ಎಂಬ ನಂಬಿಕೆ. 1274ರ ಲಿಯೋನ್ ಸಭೆ, 1439ರ ಫ್ಲಾರೆನ್ಸ್ ಸಭೆ, 1563ರ ಟ್ರೆಂಟ್ ಸಭೆ, ಧರ್ಮಾಧ್ಯಕ್ಷರ ಈ ಮೂರು ಮಹಾಸಭೆಗಳು ಇದಕ್ಕೆ ಮುದ್ರೆ ಒತ್ತಿದವು. ಆದರೆ ಮುದ್ರೆ ಬೀಳುವ ಮೊದಲೇ ಆಚರಣೆ ಬೇರೂರಿತ್ತು. ಫ್ರಾನ್ಸಿನ ಕ್ಲೂನಿ ಮಠದ ಓದಿಲೋ ಸಾವಿರದ ಇಸವಿಯ ಆಸುಪಾಸಿನಲ್ಲಿ ತಮ್ಮ ಮಠಗಳಿಗೆಲ್ಲ ನವೆಂಬರ್ 2ನ್ನು ಸಕಲ ಮೃತರ ದಿನವೆಂದು ಗೊತ್ತುಮಾಡಿದ್ದರು. ಪೋಪ್ 12ನೇ ಬೆನೆಡಿಕ್ಟ್ 1336ರ ಜನವರಿ 29ರಂದು, ಶುದ್ಧರಾದವರು ಕಡೆಯ ತೀರ್ಪಿಗೆ ಕಾಯದೆ ಆಗಲೇ ದೇವರನ್ನು ಮುಖಾಮುಖಿ ಕಾಣುತ್ತಾರೆ ಎಂದು ಸಾರಿದರು. ಅವರ ಹಿಂದಿನ ಪೋಪ್ 22ನೇ ಜಾನ್ ಇಲ್ಲ, ಕಾಯಬೇಕು ಎಂದು ಬೋಧಿಸಿ ಗಲಾಟೆ ಎಬ್ಬಿಸಿ, ಸಾಯುವ ಹಿಂದಿನ ದಿನ ಮಾತು ಹಿಂತೆಗೆದುಕೊಂಡಿದ್ದರು.

ಕರಾವಳಿಯ ಕ್ಯಾಥೊಲಿಕ್ ಮನೆಗಳಲ್ಲಿ ಇದರ ಲೆಕ್ಕಾಚಾರ ಸಂಜೆಯ ತೇರ್ಸಿನಲ್ಲಿ, ಅಂದರೆ ಜಪಮಾಲೆಯ ಪ್ರಾರ್ಥನೆಯಲ್ಲಿ ನಡೆಯುತ್ತದೆ. ಜಪಮಾಲೆ ಮುಗಿದ ಮೇಲೂ ಮಕ್ಕಳು ಏಳುವಂತಿಲ್ಲ. ತೀರಿಹೋದ ಅಜ್ಜನಿಗೊಂದು ‘ಪರಲೋಕದಲ್ಲಿರುವ ನಮ್ಮ ತಂದೆಯೇ’, ಮುಂಬಯಿಯಲ್ಲಿ ಸತ್ತ ಮಾವನಿಗೊಂದು, ಕೊನೆಗೆ ನೆನೆಯಲು ಯಾರೂ ಇಲ್ಲದ ಆತ್ಮಗಳಿಗೊಂದು. ನಮ್ಮಜ್ಜಿಯ ಪಟ್ಟಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿತ್ತೇ ಹೊರತು ಯಾರ ಹೆಸರೂ ಬಿಟ್ಟುಹೋದದ್ದಿಲ್ಲ. ಮೊಣಕಾಲು ನೋಯುತ್ತಿದ್ದ ನಮಗೆ ಇವರೆಲ್ಲ ಇನ್ನೂ ಸ್ವರ್ಗ ಮುಟ್ಟಿಲ್ಲವೇ ಅನ್ನಿಸುತ್ತಿತ್ತು. ಜಪಮಾಲೆಯ ಪ್ರತಿ ಹತ್ತು ಮಣಿಗಳ ಕೊನೆಗೆ ಹೇಳುವ, ಎಲ್ಲ ಆತ್ಮಗಳನ್ನೂ ಸ್ವರ್ಗಕ್ಕೆ ನಡೆಸು ಎಂಬ ಬೇಡಿಕೆ ಬಂದದ್ದು 1917ರ ಜುಲೈನಲ್ಲಿ, ಪೋರ್ಚುಗಲ್ಲಿನ ಫಾತಿಮಾದಿಂದ. ನರಕದ ಬೆಂಕಿಯನ್ನು ಕಂಡೆವೆಂದು ಅಲ್ಲಿನ ಮೂವರು ಮಕ್ಕಳು ಹೇಳಿದ ದಿನವೇ ಈ ಪ್ರಾರ್ಥನೆಯೂ ಸಿಕ್ಕಿತೆಂದು ಹೇಳುತ್ತಾರೆ. ಎಲ್ಲ ಆತ್ಮಗಳನ್ನೂ ಎಂದು ಅಷ್ಟು ವರ್ಷ ಹೇಳಿದರೂ ಆ ‘ಎಲ್ಲ’ದ ತೂಕ ನನಗೆ ತಟ್ಟಿದ್ದು ತೀರ ಈಚೆಗೆ.

ಶುದ್ಧೀಕರಣ ಸ್ಥಳವೂ ಒಳಗೊಳ್ಳದ ಎರಡು ಬಗೆಯವರಿದ್ದರು. ಜ್ಞಾನಸ್ನಾನವಾಗದೆ ಸತ್ತ ಹಸುಳೆಗಳು ಮತ್ತು ಆತ್ಮಹತ್ಯೆ ಮಾಡಿಕೊಂಡವರು.

ಹಸುಳೆಗಳಿಗೆ ನರಕವೇ ಗತಿ, ಆದರೆ ಶಿಕ್ಷೆ ಎಲ್ಲಕ್ಕಿಂತ ಹಗುರ ಎಂದಿದ್ದರು ಅಗಸ್ಟೀನರು. ಮಧ್ಯಯುಗದವರಿಗೆ ಇದು ಸಹಿಸಲಿಲ್ಲ. ಅವರು ನರಕದ ಅಂಚಿನಲ್ಲಿ ‘ಲಿಂಬೊ’ ಎಂಬ ತಾಣ ಕಲ್ಪಿಸಿದರು. ಅಲ್ಲಿ ನೋವಿಲ್ಲ, ದೇವರ ದರ್ಶನವೂ ಇಲ್ಲ. ದರ್ಶನ ತಪ್ಪಿದೆ ಎಂಬುದೇ ಗೊತ್ತಿಲ್ಲದ್ದರಿಂದ ಮಕ್ಕಳಿಗೆ ದುಃಖವೂ ಇಲ್ಲ. ಮಕ್ಕಳಿಗೇನೋ ಗೊತ್ತಿಲ್ಲ, ತಾಯಿಗೆ ಗೊತ್ತಿತ್ತಲ್ಲ. ತಾಯಿ ಸ್ವರ್ಗಕ್ಕೆ ಹೋದರೂ ಮಗು ಎಂದೆಂದಿಗೂ ಬೇರೆ ಕೋಣೆಯಲ್ಲಿ.

ಸ್ವಿಟ್ಜರ್ಲೆಂಡಿನ ಬರ್ನ್ ಪ್ರಾಂತ್ಯದಲ್ಲಿ ಒಬರ್‌ಬ್ಯೂರೆನ್ ಎಂಬ ಜಾಗವಿದೆ. 15ನೇ ಶತಮಾನದಲ್ಲಿ ಅಲ್ಲೊಂದು ಮರಿಯಮ್ಮನ ಗುಡಿಯಿತ್ತು. ಸತ್ತು ಹುಟ್ಟಿದ ಮಕ್ಕಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ದೂರದೂರದಿಂದ ಜನ ಅಲ್ಲಿಗೆ ನಡೆದುಬರುತ್ತಿದ್ದರು. ಕೆಂಡ ಮತ್ತು ಉರಿಯುವ ಮೇಣದಬತ್ತಿಗಳ ನಡುವೆ ಶವವನ್ನು ಮಲಗಿಸಿ ಬಿಸಿ ಮಾಡಿ, ತುಟಿಯ ಮೇಲೆ ಒಂದು ಹಗುರವಾದ ಗರಿ ಇಡುತ್ತಿದ್ದರು. ಕಾವಿಗೆ ಗರಿ ಅಲುಗುತ್ತಿತ್ತು. ಅಲುಗಿದರೆ ಸಾಕು, ಉಸಿರು ಬಂತು ಎಂದು ಕೂಗಿ ತಟಕ್ಕನೆ ಜ್ಞಾನಸ್ನಾನ ಕೊಟ್ಟು, ಪವಿತ್ರ ಮಣ್ಣಿನಲ್ಲಿ ಹೂಳುತ್ತಿದ್ದರು. 1486ರಲ್ಲಿ ಕಾನ್‌ಸ್ಟನ್ಸಿನ ಧರ್ಮಾಧ್ಯಕ್ಷರು, ಇಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸತ್ತ ಮಕ್ಕಳಿಗೆ ಹೀಗೆ ಮಾಡಿದ್ದಾರೆ, ಇದು ಮೂಢನಂಬಿಕೆ ಎಂದು ದೂರಿದರು. 1528ರಲ್ಲಿ ಪ್ರೊಟೆಸ್ಟೆಂಟ್ ಸುಧಾರಕರು ಗುಡಿಯನ್ನೇ ಕೆಡವಿದರು. 1990ರ ದಶಕದಲ್ಲಿ ಪುರಾತತ್ತ್ವದವರು ಅಗೆದಾಗ ಸುಮಾರು 250 ಹಸುಳೆಗಳ ಎಲುಬು ಸಿಕ್ಕವು. ಕೆಲವು ಅಂಗೈಗಿಂತ ದೊಡ್ಡವಲ್ಲ.

ಗರಿ ಏಕೆ ಅಲುಗಿತು ಎಂಬುದು ಅಲ್ಲಿ ನಿಂತ ಅಪ್ಪನಿಗೆ ಗೊತ್ತಿರಲಿಲ್ಲವೆಂದು ನನಗೆ ಅನ್ನಿಸುವುದಿಲ್ಲ. ಶಾಸ್ತ್ರಕ್ಕೊಂದು ಸಾಕ್ಷಿ ಬೇಕಿತ್ತು, ಅವನು ಗರಿಯನ್ನು ಸಾಕ್ಷಿ ಮಾಡಿದ.

ಲಿಂಬೊ ಎಂದೂ ಧರ್ಮಸಭೆಯ, ಅಂದರೆ ಕ್ಯಾಥೊಲಿಕ್ ಚರ್ಚಿನ, ವಿಧಿಬದ್ಧ ಸಿದ್ಧಾಂತವಾಗಲಿಲ್ಲ. ಆದರೂ ಶತಮಾನಗಳ ಕಾಲ ಅದನ್ನು ಪಾಠದಲ್ಲಿ ಕಲಿಸಿದರು, ತಾಯಂದಿರು ನಂಬಿದರು. 1992ರ ಧರ್ಮೋಪದೇಶ ಗ್ರಂಥದಲ್ಲಿ ಆ ಹೆಸರೇ ಇಲ್ಲ, ಇಂಥ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತೇವೆ ಎಂದಷ್ಟೇ ಇದೆ. 2007ರ ಏಪ್ರಿಲಿನಲ್ಲಿ ವ್ಯಾಟಿಕನ್ನಿನ ಅಂತಾರಾಷ್ಟ್ರೀಯ ದೈವಶಾಸ್ತ್ರ ಆಯೋಗವು ಪೋಪ್ 16ನೇ ಬೆನೆಡಿಕ್ಟರ ಒಪ್ಪಿಗೆಯ ಮೇಲೆ ಪ್ರಕಟಿಸಿದ ದಾಖಲೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಈ ಮಕ್ಕಳೂ ದೇವರ ದರ್ಶನ ಪಡೆಯುತ್ತಾರೆಂದು ಆಶಿಸಲು ಗಟ್ಟಿ ಕಾರಣಗಳಿವೆ ಎಂದಿತು. ಖಚಿತ ಎನ್ನಲಿಲ್ಲ, ಆಶೆ ಎಂದಿತು.

ಆತ್ಮಹತ್ಯೆಯ ಕತೆ ಚಿಕ್ಕದು, ಆದರೆ ಹೆಚ್ಚು ಕಹಿ. 1917ರ ಧರ್ಮಸಭೆಯ ಕಾನೂನು, ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ ಇಗರ್ಜಿಯ ಉತ್ತರಕ್ರಿಯೆ ಸಲ್ಲದು ಎಂದಿತ್ತು. ಸಾವಿನ ಮೇಲೆ ಅವಮಾನವೂ ಸೇರಿ ಮನೆಯವರು ತಲೆ ಎತ್ತುವಂತಿರಲಿಲ್ಲ. ಬಾವಿಗೆ ಹಾರಿಕೊಂಡ ಒಬ್ಬ ಹೆಂಗಸನ್ನು ಸ್ಮಶಾನದ ಗೋಡೆಯಾಚೆ ಹೂತಿದ್ದರೆಂದು ನಮ್ಮಜ್ಜಿ ಹೇಳುತ್ತಿದ್ದಳು. ನವೆಂಬರ್ 2ರ ಸಂಜೆ ಎಲ್ಲರ ಸಮಾಧಿಗೂ ಹೂವು ಮೇಣದಬತ್ತಿ ಇಟ್ಟಾದ ಮೇಲೆ ಒಂದು ಬತ್ತಿ ಉಳಿಸಿಕೊಂಡು ಆ ಗೋಡೆಯ ಮೇಲೆ ಅಂಟಿಸಿ ಬರುತ್ತಿದ್ದಳು. ಒಳಗೂ ಅಲ್ಲ, ಹೊರಗೂ ಅಲ್ಲ, ಗೋಡೆಯ ಮೇಲೆ. 1983ರ ಹೊಸ ಕಾನೂನಿನಲ್ಲಿ ಆ ನಿಷೇಧ ಇಲ್ಲ. ಅಂಥವರ ಸದ್ಗತಿಯ ಬಗ್ಗೆ ನಿರಾಶರಾಗಬಾರದು, ಅವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ ಎಂಬುದು 1992ರ ಗ್ರಂಥದ ಮಾತು.

19ನೇ ಶತಮಾನದಲ್ಲಿ ಸ್ವರ್ಗ ಇನ್ನೊಂದು ಬಗೆಯಲ್ಲಿ ಮನೆಗೆ ಹತ್ತಿರವಾಯಿತು. ಫ್ರಾನ್ಸಿನ ಝೆಲೀ ಮತ್ತು ಲೂಯಿ ಮಾರ್ಟಿನ್ ದಂಪತಿಯ ಒಂಬತ್ತು ಮಕ್ಕಳಲ್ಲಿ ನಾಲ್ಕು ಎಳವೆಯಲ್ಲೇ ಹೋದವು. ಹುಟ್ಟದಿದ್ದರೇ ಒಳ್ಳೆಯದಿತ್ತು ಎಂದು ಸಮಾಧಾನ ಹೇಳಲು ಬಂದವರ ಮಾತು ಝೆಲೀಗೆ ಸಹಿಸಲಾಗಲಿಲ್ಲ, ಮಕ್ಕಳು ಎಲ್ಲೂ ಹೋಗಿಲ್ಲ, ಅಲ್ಲಿ ಮತ್ತೆ ಸಿಗುತ್ತಾರೆ ಎಂದು ಕಾಗದದಲ್ಲಿ ಬರೆದರು. ಉಳಿದವರಲ್ಲಿ ಕೊನೆಯವಳೇ ಲಿಸಿಯೂವಿನ ಸಂತ ತೆರೇಸಾ. 2015ರ ಅಕ್ಟೋಬರಿನಲ್ಲಿ ಗಂಡ ಹೆಂಡತಿಯನ್ನು ಜೋಡಿಯಾಗಿಯೇ ಸಂತರೆಂದು ಘೋಷಿಸಿದರು. ಪುನರುತ್ಥಾನದಲ್ಲಿ ಮದುವೆ ಎಂಬುದಿಲ್ಲ ಎಂದು ಯೇಸು, ಪುನರುತ್ಥಾನವನ್ನೇ ನಂಬದ ಯಹೂದಿ ಪಂಗಡವಾದ ಸದ್ದುಕಾಯರಿಗೆ ಹೇಳಿದ ಮಾತು ಇದ್ದೇ ಇದೆ. ಆದರೆ ಪ್ರೀತಿಯೂ ಉಳಿಯದು ಎಂದು ಅದಕ್ಕೆ ಅರ್ಥ ಹಚ್ಚಿದವರು ಕಡಿಮೆ.

ಉಳಿದದ್ದು ಕ್ಸೇವಿಯರ್ ಎದುರಿಸಿದ ಪ್ರಶ್ನೆ, ಕ್ರಿಸ್ತನ ಹೆಸರೇ ಕೇಳದವರದು. ಧರ್ಮಸಭೆಯ ಹೊರಗೆ ರಕ್ಷಣೆಯಿಲ್ಲ ಎಂಬ ಹಳೆಯ ಮಾತನ್ನು ಅಕ್ಷರಶಃ ಹಿಡಿದುಕೊಂಡಿದ್ದ ಬಾಸ್ಟನ್ನಿನ ಪಾದ್ರಿ ಲಿಯೊನಾರ್ಡ್ ಫೀನಿಯ ಬೋಧನೆ ತಪ್ಪೆಂದು 1949ರಲ್ಲಿ ರೋಮ್ ಪತ್ರ ಬರೆಯಿತು. ರೋಮಿಗೆ ಬಾ ಎಂದರೂ ಹೋಗದ ಆತನನ್ನು 1953ರಲ್ಲಿ ಬಹಿಷ್ಕರಿಸಿತು. 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ತಮ್ಮ ತಪ್ಪಿಲ್ಲದೆ ಶುಭಸಂದೇಶ ಅರಿಯದವರು ಮನಸ್ಸಾಕ್ಷಿಯಂತೆ ನಡೆದು ದೇವರನ್ನು ಅರಸಿದರೆ ಅವರೂ ರಕ್ಷಣೆ ಹೊಂದಬಲ್ಲರು ಎಂದು ಬರೆದಿಟ್ಟಿತು. ಯಮಾಗುಚಿಯ ಅಳುವಿಗೆ ಉತ್ತರ ಬರಲು 412 ವರ್ಷ ಹಿಡಿಯಿತು.

ಹಾಗಾದರೆ ನರಕ ಖಾಲಿಯೇ? ಸ್ವಿಸ್ ದೈವಶಾಸ್ತ್ರಜ್ಞ ಹಾನ್ಸ್ ಉರ್ಸ್ ಫಾನ್ ಬಾಲ್ತಸಾರ್ 1986ರಲ್ಲಿ ಇದನ್ನೇ ಎತ್ತಿಕೊಂಡರು. ಎಲ್ಲರೂ ಪಾರಾಗುತ್ತಾರೆಂದು ನಮಗೆ ಗೊತ್ತಿಲ್ಲ, ಗೊತ್ತೆನ್ನುವುದು ಸೊಕ್ಕು. ಆದರೆ ಎಲ್ಲರೂ ಪಾರಾಗಲಿ ಎಂದು ಆಶಿಸಬಹುದು, ಆಶಿಸಲೇಬೇಕು ಎಂದರು. ಸಂಪ್ರದಾಯಸ್ಥರು ಮುಗಿಬಿದ್ದರು. ಪೋಪ್ 2ನೇ ಜಾನ್ ಪಾಲ್ ಅವರನ್ನು ಕಾರ್ಡಿನಲ್ ಮಾಡಲು ಹೊರಟರು. 1988ರ ಜೂನಿನಲ್ಲಿ, ಆ ಸಮಾರಂಭಕ್ಕೆ ಎರಡು ದಿನ ಇರುವಾಗ ಬಾಲ್ತಸಾರ್ ತೀರಿಕೊಂಡರು. 2024ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಇಟಲಿಯ ಟಿವಿ ಕಾರ್ಯಕ್ರಮವೊಂದರಲ್ಲಿ, ಇದು ಸಿದ್ಧಾಂತವಲ್ಲ, ನನ್ನ ಸ್ವಂತ ಅನಿಸಿಕೆ ಎಂದು ಮೊದಲೇ ಹೇಳಿ, ನರಕ ಖಾಲಿಯಿದೆ ಎಂದುಕೊಳ್ಳುವುದು ನನಗಿಷ್ಟ, ಹಾಗಿರಲಿ ಎಂದು ಆಶಿಸುತ್ತೇನೆ ಎಂದರು. ನರಕವಿದೆ, ಅದು ಶಾಶ್ವತ ಎಂಬ ಬೋಧನೆ ಒಂದಕ್ಷರವೂ ಬದಲಾಗಿಲ್ಲ. ಅದೇ ಧರ್ಮಸಭೆ ಸಾವಿರಾರು ಜನ ಸ್ವರ್ಗದಲ್ಲಿದ್ದಾರೆಂದು ಹೆಸರಿಟ್ಟು ಸಾರಿದೆ, ಇಂಥವನು ನರಕದಲ್ಲಿದ್ದಾನೆಂದು ಯಾರನ್ನೂ, ಯೇಸುವನ್ನು ಹಿಡಿದುಕೊಟ್ಟ ಯೂದನನ್ನೂ ಸೇರಿಸಿ, ಎಂದೂ ಅಧಿಕೃತವಾಗಿ ಸಾರಿಲ್ಲ.

ಜಪಾನಿನ ಕತೆ ಮುಂದುವರಿಯಿತು. 17ನೇ ಶತಮಾನದಲ್ಲಿ ಅಲ್ಲಿ ಕ್ರೈಸ್ತಧರ್ಮವನ್ನು ನಿಷೇಧಿಸಿ ಪಾದ್ರಿಗಳನ್ನು ಕೊಂದರು, ಓಡಿಸಿದರು. ಉಳಿದ ಕ್ರೈಸ್ತರು ಬೌದ್ಧರಂತೆ ನಟಿಸುತ್ತ ಇನ್ನೂರಕ್ಕೂ ಹೆಚ್ಚು ವರ್ಷ ಗುಟ್ಟಾಗಿ ಪ್ರಾರ್ಥನೆ ಉಳಿಸಿಕೊಂಡರು. 1865ರ ಮಾರ್ಚ್ 17ರಂದು ನಾಗಾಸಾಕಿಯ ಓಉರಾ ಇಗರ್ಜಿಗೆ ಕೆಲವರು ಬಂದು, ನಿಮ್ಮ ಹೃದಯವೇ ನಮ್ಮ ಹೃದಯ ಎಂದು ಫ್ರೆಂಚ್ ಪಾದ್ರಿ ಪೆತಿಜಾನರ ಕಿವಿಯಲ್ಲಿ ಹೇಳಿದರು. ಸಾವಿರಾರು ಮಂದಿ ಕ್ಯಾಥೊಲಿಕ್ ಸಭೆಗೆ ಮರಳಿದರು. ಸಾವಿರಾರು ಮಂದಿ ಮರಳಲಿಲ್ಲ. ಅದಕ್ಕೆ ಕೊಡುವ ಕಾರಣಗಳಲ್ಲಿ ಒಂದು ಹಳೆಯದೇ: ಹಿರೀಕರು ಜೀವ ಒತ್ತೆಯಿಟ್ಟು ಕಾಪಾಡಿಕೊಟ್ಟದ್ದನ್ನು ಬಿಟ್ಟು ಬಂದರೆ ಅವರ ಕೈಬಿಟ್ಟಂತೆ.

1985ರಲ್ಲಿ ಜಪಾನಿನ ಧರ್ಮಾಧ್ಯಕ್ಷರು ಹಿರೀಕರ ಮತ್ತು ಸತ್ತವರ ಬಗ್ಗೆ ಕ್ಯಾಥೊಲಿಕರಿಗೆಂದು ಒಂದು ಕೈಪಿಡಿ ತಂದರು. ಮನೆಯಲ್ಲಿ ಬೌದ್ಧ ಪೀಠವಿದ್ದರೆ ಏನು ಮಾಡುವುದು, ಹಿರೀಕರ ಹೆಸರು ಬರೆದ ಹಲಗೆಗಳನ್ನು ಎಸೆಯಬೇಕೇ, ಕ್ರೈಸ್ತರಾಗದೆ ಸತ್ತ ಅಪ್ಪ ಅಮ್ಮನಿಗೆ ಪ್ರಾರ್ಥಿಸಬಹುದೇ ಎಂಬಂಥ ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಕೊಟ್ಟರು. ಎಸೆಯಬೇಕಾಗಿಲ್ಲ. ಹೂವಿಡಬಹುದು, ಧೂಪ ಹಚ್ಚಬಹುದು. ಪ್ರಾರ್ಥಿಸಬಹುದು.